ಚಪ್ಪಲಿ ಕಾಯುವ ಟಿಕೆಟ್

"ದುಡ್ಡು ವಸೂಲಾಯ್ತು ಕಣವ್ವ," ಎನ್ನುತ್ತ ವಾಟರ್ ಪಾರ್ಕಿನ ಕೊಳದಿಂದ ಎದ್ದು ಬಂದ ಧರ್ಮೇಂದ್ರ ಟವೆಲ್ಲಿಗೆ ಕೈಚಾಚಿದ. ಸೀರೆಯುಟ್ಟವರು ನೀರಿಗಿಳಿಯುವಂತಿಲ್ಲ ಎಂದು ಕಾವಲುಗಾರ ಬೆಳಿಗ್ಗೆಯೇ ತಡೆದಿದ್ದರಿಂದ, ತಾಯಿ ರಾಮಮ್ಮ ಮನೆಯವರೆಲ್ಲರ ಚೀಲ, ಚಪ್ಪಲಿ ಕಾಯುತ್ತ ಬಿಸಿಲಲ್ಲೇ ಕುಳಿತಿದ್ದಳು.

"ಯಾರ್ದು ವಸೂಲಾಯ್ತ್ಲಾ? ನನ್ ಟಿಕೆಟ್ಗೂ ಸಾವಿರದಿನ್ನೂರು ಕೊಟ್ಟಿದೀಯ. ಚಪ್ಪಲಿ ಕಾಯಕ್ಕಾ?"

ಧರ್ಮೇಂದ್ರ ನಕ್ಕ. "ಬೀಚನಹಳ್ಳೀಲಿ ಮನೆ ಪಕ್ಕದಲ್ಲೇ ಕಬಿನಿ ಐತೆ. ನಿಂಗ್ಯಾಕವ್ವ ಈ ನೀರು?"

"ಅಲ್ಲಿ ನಿಮ್ ಬಟ್ಟೆ ಒಗ್ದಿದೀನಿ ಕಣ್ಲಾ. ಒಂದಿನಾನೂ ಆಟ ಆಡಿಲ್ಲ."

ರಾಮಮ್ಮ ಚೀಲಗಳನ್ನು ಮಗನ ಎದೆಗೆ ಎಸೆದಳು. ನಾಟಿಗೆ ಗದ್ದೆಗಿಳಿಯುವಾಗಿನಂತೆ ಸೀರೆಯನ್ನು ಮೊಣಕಾಲಿಗೆತ್ತಿ ಬಿಗಿದು ಕೊಳಕ್ಕಿಳಿದಳು. ಕಾವಲುಗಾರ ಸೀಟಿ ಊದಿದ. ಅವಳು ತಿರುಗಿ ನೋಡಿದ್ದು ಮಗನನ್ನು.

"ಚಪ್ಪಲಿ ಜ್ವಾಪಾನ ಕಣ್ಲಾ. ದುಡ್ಡು ವಸೂಲಾದ್ಮೇಲೆ ಬತ್ತೀನಿ."