ದೇವರ ಗಂಟೆ

ಗಂಟೆಯ ನಾಲಿಗೆಯನ್ನು ಸುಮಂಗಲಾ ಬೆರಳುಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಫ್ರಿಕಾದ ನಿರಾಶ್ರಿತರಿಗೆ ದೇಣಿಗೆ ಕೂಡಿಸಲು ವೈಟ್‌ಫೀಲ್ಡಿನ ಅವಳ ಕಂಪನಿ ಇಟ್ಟುಕೊಂಡಿದ್ದ ಸಂಜೆಯ ಕಾರ್ಯಕ್ರಮ. ಭಾಷಣಕ್ಕೆ ಐದೇ ನಿಮಿಷ, ಮುಗಿದೊಡನೆ ಗಂಟೆ ಬಾರಿಸುವುದು ಅವಳ ಕೆಲಸ. ಬೇರೆ ಸಿಗದೆ ಮನೆಯ ದೇವರ ಗಂಟೆಯನ್ನೇ ತಂದಿದ್ದಳು.

ವೇದಿಕೆಯ ಮೇಲೆ ಸುಡಾನಿನ ವಿದ್ಯಾರ್ಥಿನಿ ಅಮಲ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: “ಊರಿಗೆ ಬೆಂಕಿ ಬಿದ್ದ ದಿನ ಅಮ್ಮ ಫೋನ್ ಮಾಡಿ, ತಮ್ಮ ಕಾಣುತ್ತಿಲ್ಲ ಎಂದಳು. ಆಮೇಲೆ…”

“ಟೈಮಾಯ್ತು, ಹೊಡೀರಿ,” ಎಂದರು ಪಕ್ಕದಲ್ಲಿದ್ದ ಮ್ಯಾನೇಜರ್.

“ಒಂದ್ನಿಮಿಷ ಸಾರ್.”

“ಎಲ್ಲರಿಗೂ ಒಂದೇ ರೂಲ್ಸ್ ಅಲ್ವೇನ್ರೀ.”

ಅವಳು ಬಾರಿಸಿದಳು. ಮನೆಯಲ್ಲಾದರೆ ಆ ಸದ್ದಿಗೆ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು. ಇಲ್ಲಿ ಚಪ್ಪಾಳೆ ತಟ್ಟಿದರು. ವೇದಿಕೆ ಇಳಿದ ಅಮಲ್ ನೇರ ಅವಳ ಬಳಿ ಬಂದು, ಬೆಂಗಳೂರಿನಲ್ಲಿ ಕಲಿತ ಕನ್ನಡದಲ್ಲಿ, “ಸಾರಿ ಅಕ್ಕ, ಜಾಸ್ತಿ ಟೈಮ್ ತಗೊಂಡ್ಬಿಟ್ಟೆ” ಎಂದಳು.