ಬೂದು ಶರ್ಟಿನವನ ಮೇಲೊಂದು ಕಣ್ಣು

ಬೂದು ಶರ್ಟಿನವನು ಮತ್ತೆ ಬಳ್ಳಿಗುಲಾಬಿಯ ಹತ್ತಿರ ಬಂದು ನಿಂತಾಗ ಕೊಡೆಯಾಕೆಯ ಅನುಮಾನ ಗಟ್ಟಿಯಾಯಿತು.

ಬೇಸಿಗೆಯ ಹೂವಿನ ಹಬ್ಬದ ಮೊದಲ ದಿನ. ಊರಿನ ಕೆಲವರು ತಮ್ಮ ಮನೆಯ ತೋಟದ ಗೇಟು ತೆರೆದಿಟ್ಟು, ಯಾರು ಬೇಕಾದರೂ ಬಂದು ನೋಡಬಹುದೆಂದು ಹಲಗೆ ನೇತುಹಾಕಿದ್ದರು. ಬಂದವರು ಒಂದು ಸುತ್ತು ಹಾಕುತ್ತಾರೆ, ಆಹಾ ಎನ್ನುತ್ತಾರೆ, ಫೋಟೊ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಇವನೊಬ್ಬ ಹೋಗುತ್ತಲೇ ಇರಲಿಲ್ಲ.

ಹಾಗೆಂದು ಅವನನ್ನೇ ಕಾಯುತ್ತ ಕೂರಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಬೆಳಗಿನಿಂದ ಜನ ಸಾಲುಗಟ್ಟಿ ಬರುತ್ತಿದ್ದರು, ಎಲ್ಲರಿಗೂ ಅವಳೇ ಬೇಕು. ಹೆಗಲಲ್ಲಿ ಚೀಲ, ಕೈಯಲ್ಲಿ ಮಡಿಸಿದ ಕೊಡೆ. ಆ ಕೊಡೆಯ ತುದಿಯಿಂದಲೇ ಒಂದೊಂದು ಗಿಡ ತೋರಿಸುತ್ತಿದ್ದಳು. ನಿವೃತ್ತಿಯಾಗುವ ತನಕ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಅವಳು ನಿವೃತ್ತಿಯಾದರೂ ಗಂಟಲು ಇನ್ನೂ ಡ್ಯೂಟಿಯಲ್ಲಿತ್ತು.

“ಹಿಂದೆ ಇರೋರು ಮುಂದೆ ಬನ್ನಿ. ಡೇಲಿಯಾ ಹತ್ತಿರ ಜಾಗ ಇದೆ.”

ಎಲೆಗೆ ಹುಳ ಹತ್ತಿದರೆ ಸೋಪಿನ ನೀರು ಚಿಮುಕಿಸಿ ಎಂದಳು. ಜೆರೇನಿಯಂಗೆ ನೀರು ಹೆಚ್ಚಾದರೆ ಮುನಿಸಿಕೊಳ್ಳುತ್ತದೆ ಎಂದಳು. ಗೇಟಿನ ಪಕ್ಕದ ಮರಕ್ಕೆ ಎಷ್ಟು ವಯಸ್ಸು ಎಂದು ಯಾರೋ ಕೇಳಿದಾಗ, ಬುಡದಿಂದ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿ, ನನಗಿಂತ ಚಿಕ್ಕದು ಎಂದು ನಗಿಸಿದಳು. ಒಬ್ಬಾಕೆ ಮೆಲ್ಲಗೆ ಬಾತ್‌ರೂಮು ಎಲ್ಲಿ ಎಂದಳು. ಮನೆಯೊಳಗೆ ಯಾರಿಗೂ ಪ್ರವೇಶವಿಲ್ಲ, ಬೀದಿಯ ಕೊನೆಗೆ ಲೈಬ್ರರಿ ಇದೆ ಎಂದು ಕಡ್ಡಿ ಮುರಿದಂತೆ ಹೇಳಿದಳು. ವರಾಂಡದ ಕಂಬಕ್ಕೆ ಕಟ್ಟಿದ್ದ ಮುದಿ ನಾಯಿ ಅವಳು ಆ ಕಡೆ ಸುಳಿದಾಗಲೆಲ್ಲ ಬೊಗಳುತ್ತಿತ್ತು. ಇಷ್ಟು ಜನ ನೋಡಿ ಅದಕ್ಕೆ ತಲೆ ಕೆಟ್ಟಿದೆ ಎಂದು ಸಮಜಾಯಿಷಿ ಕೊಟ್ಟಳು.

ಬಳ್ಳಿಗುಲಾಬಿಯ ಮುಂದೆ ಮಾತ್ರ ಅವಳ ತಾಳ್ಮೆ ಕೈಕೊಟ್ಟಿತು. “ಇದನ್ನ ನೋಡಿ. ಸವರಿದ್ದಲ್ಲ ಇದು, ಕ್ಷೌರ. ಇಂಥ ಕೈಗೆ ಕತ್ತರಿ ಕೊಡಬಾರದು.”

ಹೆಂಗಸರೆಲ್ಲ ನಕ್ಕರು. ಒಬ್ಬಾಕೆ ಪಕ್ಕದಲ್ಲಿದ್ದ ಗಂಡನ ಕಡೆ ನೋಡಿ, ಗಂಡಸರ ಕೈಗುಣವೇ ಇಷ್ಟು ಎಂದಳು. ಬೂದು ಶರ್ಟಿನವನು ನಗಲಿಲ್ಲ. ಅವನ ಮುಖ ಕಿವಿಯವರೆಗೂ ಕೆಂಪೇರಿತು.

ಅದೂ ವಿಚಿತ್ರವೇ. ಒಂದು ಗುಂಪು ಹೊರಟು ಇನ್ನೊಂದು ಬಂದರೂ ಇವನು ಅದರ ಬಾಲಕ್ಕೆ ಅಂಟಿಕೊಂಡು ಅದೇ ವಿವರಣೆಯನ್ನು ಮತ್ತೆ ಕೇಳುತ್ತಿದ್ದ. ತುಟಿ ಅಲ್ಲಾಡಿಸುತ್ತ ಗಿಡಗಳ ಹೆಸರು ಬಾಯಿಪಾಠ ಮಾಡುತ್ತಿದ್ದ. ಯಾವುದಕ್ಕೆ ಒಳ್ಳೆಯ ಬೆಲೆ ಸಿಗುತ್ತದೆಂದು ಲೆಕ್ಕ ಹಾಕುತ್ತಿದ್ದಾನೆಯೇ?

ಅಷ್ಟರಲ್ಲಿ ಆ ಗಂಡ ಹೆಂಡತಿ ಒಂದು ಸುದ್ದಿ ಹೇಳಿದರು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರ ತೋಟದಿಂದ ಲಿಲ್ಲಿಯ ಕುಂಡಗಳನ್ನು ಯಾರೋ ಹಾಡಹಗಲೇ ಎತ್ತಿಕೊಂಡು ಹೋಗಿದ್ದರಂತೆ. ಕಳ್ಳ ನೋಡಲು ತೀರಾ ಸಾಧು ಮನುಷ್ಯನಂತೆ ಇದ್ದನಂತೆ.

ಕೊಡೆಯಾಕೆ ತಿರುಗಿ ನೋಡಿದಳು. ತೀರಾ ಸಾಧು ಮನುಷ್ಯ ಹೈಡ್ರೇಂಜಿಯಾದ ಪೊದೆಯ ಹಿಂದೆ ಕೈ ಹಾಕಿ, ಹುಡುಕದೆಯೇ ನಲ್ಲಿ ತಿರುಗಿಸಿ ಕೈ ತೊಳೆಯುತ್ತಿದ್ದ. ಅಲ್ಲಿ ನಲ್ಲಿಯಿದೆ ಎಂದು ತೋಟಕ್ಕೆ ಬಂದ ಯಾರಿಗೂ ತಿಳಿಯುವಂತಿರಲಿಲ್ಲ. ನಾಯಿ ಬೊಗಳುವುದಿರಲಿ, ಅವನನ್ನು ಕಂಡು ಬಾಲ ಆಡಿಸುತ್ತಿತ್ತು. ಬಿಸ್ಕತ್ತು ಹಾಕಿ ಪಳಗಿಸಿದ್ದಾನೆ, ಪಕ್ಕಾ ಆಸಾಮಿ ಎಂದು ಅವಳು ಆ ದಂಪತಿಗಳ ಕಿವಿಯಲ್ಲಿ ಪಿಸುಗುಟ್ಟಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಸದ್ದಿಲ್ಲದೆ ಮನೆಯ ಹಿಂಭಾಗಕ್ಕೆ ಸರಿದ.

“ಎಲ್ಲರೂ ಇಲ್ಲೇ ನಿಂತಿರಿ,” ಎಂದು ಕೊಡೆಯನ್ನು ಎತ್ತಿ ಹಿಡಿದು ಅವಳು ಹೊರಟಳು. ಯಾರೂ ನಿಲ್ಲಲಿಲ್ಲ. ಇಡೀ ಗುಂಪು ಹಿಂದೆಯೇ ಬಂತು.

ಅವನು ಅಡುಗೆಮನೆಯ ಬಾಗಿಲಿನ ಬೀಗಕ್ಕೆ ಕೀಲಿ ತೂರಿಸಿದ್ದ.

“ಎಲ್ಲಿಗೆ?”

ಅವನು ಬೆಚ್ಚಿಬಿದ್ದ. “ಒಳಗೆ.”

“ಒಳಗೇನು ಕೆಲಸ?”

“ಚಹಾ ಮಾಡೋಣ ಅಂತ.” ಜನರನ್ನು ಕಂಡು ಅವನ ದನಿ ಇನ್ನೂ ಕುಗ್ಗಿತು. “ನಿಮಗೇ. ಬೆಳಗ್ಗೆಯಿಂದ ಕೂತಿಲ್ಲ ನೀವು.”

ಇವನ ಉಪಚಾರ ನೋಡಿ ಎಂದು ಯಾರೋ ಕಿಸಕ್ಕೆಂದರು. ಸುದ್ದಿ ತಂದ ಗಂಡ ಪೊಲೀಸರಿಗೆ ಹೇಳೋಣವೇ ಎಂದು ಫೋನು ತೆಗೆದ. ಅವಳು ಕೊಡೆಯನ್ನು ಬಾಗಿಲಿಗೆ ಅಡ್ಡ ಹಿಡಿದಳು. ಕೀಲಿ ಎಲ್ಲಿಂದ ಬಂತು ಎಂದು ಕೇಳಿದಳು.

“ಕೀಲಿ ನಂದೇ,” ಎಂದ ಅವನು. “ಮನೆನೂ.”

ಫೋನು ತೆಗೆದಿದ್ದ ಗಂಡ ಅದನ್ನು ಜೇಬಿಗೆ ಇಳಿಸಿದ. ಅವನು ನೆಲ ನೋಡುತ್ತ ತಡೆತಡೆದು ಹೇಳಿದ್ದಿಷ್ಟು: ತೋಟವೆಲ್ಲ ಅವನ ಹೆಂಡತಿ ಮಾಡಿದ್ದು. ಪ್ರತಿ ಬೇಸಿಗೆಯಲ್ಲಿ ಜನರಿಗೆ ತೋರಿಸುತ್ತಿದ್ದವಳೂ ಅವಳೇ. ಅವಳು ತೀರಿಕೊಂಡ ಮೇಲೆ ಇವನು ನೀರು ಹಾಕಿದ, ಗುಲಾಬಿಯನ್ನು ತಿಳಿದಂತೆ ಕತ್ತರಿಸಿದ. ಹಬ್ಬದವರು ಈ ಸಲವೂ ತೆರೆಯಿರಿ ಎಂದಾಗ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ಗೇಟು ತೆಗೆದು, ಬರುವ ಜನರನ್ನು ಕಂಡು ನಾಲಿಗೆ ಬಿದ್ದುಹೋಗಿ, ಪೊದೆಯ ಹಿಂದೆ ಅವಿತುಕೊಂಡ. ಈಚೆ ಬರುವಷ್ಟರಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು.

“ಅರ್ಧ ಗಿಡಗಳ ಹೆಸರು ನಂಗೆ ಇವತ್ತೇ ಗೊತ್ತಾಗಿದ್ದು,” ಎಂದ. “ನಿಲ್ಲಿಸಿಬಿಡ್ತೀರೇನೋ ಅಂತ ಸುಮ್ಮನಿದ್ದೆ.”

ಎಲ್ಲರ ಕಣ್ಣೂ ಕೊಡೆಯಾಕೆಯ ಕಡೆ ತಿರುಗಿತು. ಹಾಗಾದರೆ ನೀವು ಯಾರು ಎಂದು ಕಳ್ಳತನದ ಸುದ್ದಿ ತಂದಿದ್ದ ಹೆಂಗಸೇ ಕೇಳಿದಳು.

“ನಾನೂ ತೋಟ ನೋಡೋಕೇ ಬಂದೆ,” ಎಂದಳು ಅವಳು. “ಗೇಟ್ ಹತ್ತಿರ ಯಾರೋ ಒಂದು ಹೂವಿನ ಹೆಸರು ಕೇಳಿದ್ರು.”