ಮೂರನೆಯ ಚರಣ

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿಟಾರ್ ಸರಿಯಾಗೇ ಇದೆ, ನಿನ್ನ ಕಿವಿಗೇ ಏನೋ ಆಗಿದೆ,” ಎಂದು ಅಣ್ಣ ಬಿರಡೆಯ ಬುಡಕ್ಕೆ ಇನ್ನೊಂದು ತೊಟ್ಟು ಎಣ್ಣೆ ಬಿಟ್ಟ.

ತಂಗಿ ಮೀಟಿದಳು. ಚೆನ್ನಾಗಿತ್ತು. ಮತ್ತೊಮ್ಮೆ ಮೀಟಿದಳು. ದಪ್ಪ ತಂತಿ ಇಳಿದಿತ್ತು. ಮೂರನೆಯ ಸಲಕ್ಕೆ ಆರೂ ತಂತಿಗಳು ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದವು.

“ಈಗ ಕೇಳಿಸ್ತಾ?”

“ಕೇಳಿಸ್ತು. ಎಣ್ಣೆ ಇನ್ನೂ ಒಳಗೆ ಇಳಿದಿಲ್ಲ.”

ಅವನು ಬಟ್ಟೆ ಕಾರ್ಖಾನೆಯ ಮೆಕ್ಯಾನಿಕ್. ನಾನೂರು ಹೊಲಿಗೆ ಯಂತ್ರಗಳಿಗೆ ಅವನಲ್ಲಿ ಇರುವುದು ಒಂದೇ ಮದ್ದು. ತಿಂಗಳ ಹಿಂದೆ ತಂಗಿ ಒಂದು ಬಿರಡೆ ಬಿಗಿಯಾಗಿದೆ ಎಂದಿದ್ದೇ ತಪ್ಪಾಯಿತು, ಅಂದಿನಿಂದ ಗಿಟಾರಿಗೂ ಅದೇ ಚಿಕಿತ್ಸೆ. ಆ ನಾನೂರು ಯಂತ್ರಗಳ ಮುಂದೆ ನಾನೂರು ಹೆಂಗಸರು. ಅವರು ಶೌಚಾಲಯಕ್ಕೆ ಹೋಗಬೇಕಾದರೆ ಸೂಪರ್‌ವೈಸರ್ ಹತ್ತಿರ ಟೋಕನ್ ಕೇಳಬೇಕು. ಟೋಕನ್ ಇರುವುದು ಎರಡು. ಯಂತ್ರ ಕಿರುಗುಟ್ಟಿದರೆ ಮೆಕ್ಯಾನಿಕ್ ಓಡಿ ಬರುತ್ತಾನೆ; ಹೆಂಗಸು ಕಾಲು ಹಿಂಡಿಕೊಂಡು ಕೂತರೆ ಯಾರೂ ಬರುವುದಿಲ್ಲ.

ಈ ಟೋಕನ್ ಪದ್ಧತಿ ತೆಗೆಯಿರಿ ಎಂದು, ತಾನು ಅಲ್ಲಿ ಕೆಲಸಕ್ಕಿಲ್ಲದಿದ್ದರೂ, ತಂಗಿ ಹಾಡು ಕಟ್ಟಿದ್ದಳು. ಹೋದ ವಾರ ಪಾಳಿಗೆ ಮುಂಚೆ ಗೇಟಿನ ಮುಂದೆ ಹಾಡುತ್ತಿದ್ದಾಗ ಎರಡನೆಯ ಚರಣದ ನಡುವೆ ಗಿಟಾರ್ ಕೈಕೊಟ್ಟಿತು. ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು, ನಗುತ್ತಲೇ ಒಳಗೆ ಹೋದರು. ಇವತ್ತೂ ಹಾಗೇ ಆದರೆ ಇನ್ನೊಮ್ಮೆ ಅವರನ್ನು ಗೇಟಿನಲ್ಲಿ ನಿಲ್ಲಿಸುವುದು ಯಾರಿಂದಲೂ ಆಗದ ಮಾತು. ಹೊರಡಲು ಮುಕ್ಕಾಲು ಗಂಟೆ ಇತ್ತು.

ಅತ್ತಿಗೆ ಊಟದ ಡಬ್ಬಿ ಮುಚ್ಚುತ್ತಾ ಅಡುಗೆಮನೆಯಿಂದ ಬಂದಳು. ಕಾರ್ಖಾನೆಯಲ್ಲಿ ಅವಳದು ಕಾಲರ್ ಹೊಲಿಯುವ ಕೆಲಸ. ಗಿಟಾರಿನ ತಲೆಯನ್ನು ಮೂಗಿನ ಹತ್ತಿರ ಹಿಡಿದಳು.

“ರೀ, ಎಣ್ಣೆ ಎಲ್ಲೆಲ್ಲಿ ಬಿಟ್ಟಿದ್ದೀರಿ?”

“ತಿರುಗೋ ಜಾಗಕ್ಕೆಲ್ಲ.”

“ತಂತಿ ಸುತ್ತಿರೋ ಗೂಟಕ್ಕೂ?”

“ಅದೂ ತಿರುಗುತ್ತಲ್ಲ!”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಗೂಟ ತಿರುಗಲಿ ಕಣ್ರೀ, ತಂತಿ ಜಾರಬಾರದು. ಬಾಬಿನ್‌ಗೆ ಎಣ್ಣೆ ಬಳಿದು ದಾರ ಸುತ್ತಿದ್ರೆ ನಿಲ್ಲುತ್ತಾ?”

ಅಣ್ಣ ಎಣ್ಣೆ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಅತ್ತಿಗೆ ಆರೂ ತಂತಿ ಬಿಚ್ಚಿಸಿದಳು. ಚೂರು ಬಟ್ಟೆಯಿಂದ ಗೂಟ ಒರೆಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಿಕ್ಕಿ ಉಳಿದ ಜಿಡ್ಡನ್ನೂ ತೆಗೆದಳು. ಬಾಬಿನ್ನಿನ ದಾರದಂತೆಯೇ ಮೊದಲ ಸುತ್ತು ತುದಿಯ ಮೇಲೆ, ಮಿಕ್ಕ ಸುತ್ತು ಕೆಳಗೆ ಹಾಕಿ ತಂತಿಯ ತುದಿಯನ್ನು ಅದರ ಸುತ್ತಿನಲ್ಲೇ ಸಿಕ್ಕಿಸಿದಳು. ಆಮೇಲೆ ಒಂದೊಂದನ್ನೂ ಬೆರಳಿಂದ ಎತ್ತಿ ಜಗ್ಗಿದಳು.

“ಅಯ್ಯೋ ಅತ್ತಿಗೆ, ಕಿತ್ತುಹೋಗುತ್ತೆ!”

“ಎಲಾಸ್ಟಿಕ್ ಎಳೆದು ನೋಡದೆ ಹೊಲಿತೀವಾ? ಈಗ ಜಗ್ಗಿದಷ್ಟು ಜಗ್ಗಿಬಿಡಲಿ, ಗೇಟಲ್ಲಿ ಜಗ್ಗಲ್ಲ. ತಗೋ, ಶ್ರುತಿ ಮಾಡೋದು ನಿನ್ನ ಕೆಲಸ.”

ಗೇಟಿನ ಮುಂದೆ ಮೊದಲ ಚರಣ ಮುಗಿಯಿತು. ಎರಡನೆಯದೂ ಮುಗಿಯಿತು. ತಂತಿ ಕೂದಲೆಳೆಯಷ್ಟೂ ಜಾರಲಿಲ್ಲ. ನಗಲೆಂದೇ ಬಂದವರೂ ಚಪ್ಪಾಳೆ ತಟ್ಟತೊಡಗಿದರು. ಆಗ ತಂಗಿಯ ಮುಖ ಬಿಳಿಚಿತು. ಎರಡನ್ನೇ ದಾಟದ ಹಾಡಿಗೆ ಮೂರನೆಯ ಚರಣ ಯಾಕೆ ಎಂದು ಅವಳು ಬರೆದೇ ಇರಲಿಲ್ಲ.

“ಅತ್ತಿಗೆ, ಮುಂದಕ್ಕಿಲ್ಲ!”

“ಕೈ ನಿಲ್ಲಿಸಬೇಡ ಕಣೇ,” ಎಂದವಳೇ ಅತ್ತಿಗೆ ಒಡಕು ದನಿಯಲ್ಲಿ ಶುರು ಮಾಡಿದಳು. “ಬೆಳಗಿಂದ ನೀರೇ ಕುಡಿದಿಲ್ಲ ನಾನು, ಯಾಕೆ ಅಂತ ಕೇಳಿ!”

“ಯಾಕೇ?” ಹೆಂಗಸರು ಕೂಗಿದರು.

“ಕುಡಿದ್ರೆ ಟೋಕನ್ ಬೇಕಲ್ಲಾ!”

ನಗೆ ಗೇಟಿಗೆ ಅಪ್ಪಳಿಸಿತು. ಅದು ಅಡಗುವ ಮೊದಲೇ ಹಿಂದಿನಿಂದ ಗುಂಡಿ ಹೊಲಿಯುವವಳೊಬ್ಬಳು ಅದೇ ಧಾಟಿಯಲ್ಲಿ ಎತ್ತಿಕೊಂಡಳು. “ಬಸುರಿ ಅಂದ್ರೂ ಟೋಕನ್ ಇಲ್ಲ, ಕೂತಲ್ಲೇ ಒದ್ದೆಯಾಯ್ತು, ನಾಚಿಕೆ ಯಾರಿಗೆ ಹೇಳಿ!”

ಈ ಸಲ ಯಾರೂ ನಗಲಿಲ್ಲ. “ಅವರಿಗೇ!” ಎಂದು ನೂರಾರು ಕೈಗಳು ಗೇಟಿನ ಕಡೆ ಚಾಚಿದವು. ತಂಗಿ ಮೀಟುತ್ತಲೇ ಇದ್ದಳು.

ಸೈರನ್ ಕೂಗಿತು. ಒಬ್ಬರೂ ಕದಲಲಿಲ್ಲ. ಇನ್ನೂ ಮುನ್ನೂರ ತೊಂಬತ್ತೆಂಟು ಜನ ಹಾಡುವುದು ಬಾಕಿ ಇತ್ತು.